ಹಲ್ಲಿನ ಪಾಚಿಯೂ ಗಾಳಿಯ ಪೊರಕೆಯೂ

ಹಲ್ಲನ್ನು ವರ್ಣಿಸುವುದರಲ್ಲಿ ನಮ್ಮ ಕವಿಗಳು ಎಂದೂ ಜಿಪುಣತನ ತೋರಿದವರಲ್ಲ. ಮುತ್ತಿನ ಸಾಲು, ದಾಳಿಂಬೆಯ ಬೀಜ, ಕುಂದದ ಮೊಗ್ಗು ಎಂದು ಉಪಮಾನಗಳ ಮಳೆಯನ್ನೇ ಸುರಿಸಿದ್ದಾರೆ. ನಾಯಿಕೆಯೊಮ್ಮೆ ನಕ್ಕರೆ ಕತ್ತಲ ಕೋಣೆ ಬೆಳಗುವುದು ಕಾವ್ಯಲೋಕದಲ್ಲಿ ತೀರ ಸಾಮಾನ್ಯವಾದ ಸಂಗತಿ. ಆದರೆ ಆ ಮುತ್ತುಗಳ ಮೇಲೆ ದಿನದಿನವೂ ಏನು ಬಂದು ಕೂಡುತ್ತಿತ್ತು, ಅದನ್ನು ಆಕೆ ಹೇಗೆ ತೆಗೆಯುತ್ತಿದ್ದಳು ಎಂಬುದನ್ನು ಕವಿಗಳು ಹೇಳುವುದಿಲ್ಲ. ಅದನ್ನು ಹೇಳಿದವರು ಆಡುಮಾತಿನ ಜನ. ಸರಿಯಾಗಿ ಹಲ್ಲುಜ್ಜದ ಹುಡುಗನನ್ನು ಹಿಡಿದು ನಿಲ್ಲಿಸಿ, “ಹಲ್ಲೆಲ್ಲ ಪಾಚಿ ಕಟ್ಟಿದೆಯಲ್ಲೋ!” ಎಂದು ಗದರಿಸುವ ಅಜ್ಜಿಯ ಮಾತಿನಲ್ಲಿ ಎಷ್ಟು ಶಾಸ್ತ್ರವಿದೆ ಎಂಬುದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ.

ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕಟ್ಟುವ ಪಾಚಿಯನ್ನು ನೆನೆಯಿರಿ. ಅದು ಸಜೀವವಾದದ್ದು, ಕಲ್ಲಿಗೆ ಅಂಟಿಕೊಂಡು ಬೆಳೆಯುವಂಥದು. ಒಂದು ಕೊಡ ನೀರನ್ನು ಸುರಿದರೆ ಅದು ಹೋಗದು. ಗೀರಿ, ಉಜ್ಜಿ ತೆಗೆಯಬೇಕು. ತೆಗೆದರೂ ಕಲ್ಲು ಒದ್ದೆಯಾಗಿರುವವರೆಗೆ ಮತ್ತೆ ಹುಟ್ಟುತ್ತದೆ. ದಂತವೈದ್ಯರು ಪ್ಲಾಕ್ ಎಂದು ಕರೆಯುವ ವಸ್ತುವಿಗೂ ಈ ಎಲ್ಲ ಗುಣಗಳೂ ಉಂಟು. ಸಂಪೂರ್ಣವಾಗಿ ಶುಚಿಮಾಡಿದ ಹಲ್ಲಿನ ಮೇಲೆ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳ ತೆಳುವಾದ ಪೊರೆಯೊಂದು ಹರಡುತ್ತದೆ. ಕೆಲವು ಗಂಟೆಗಳಲ್ಲಿ ಆ ಪೊರೆಗೆ ಬ್ಯಾಕ್ಟೀರಿಯಗಳು ಅಂಟಿಕೊಳ್ಳುತ್ತವೆ. ಅವು ತಮ್ಮ ಸುತ್ತ ಒಂದು ಅಂಟನ್ನು ಸ್ರವಿಸಿ, ಅದರೊಳಗೆ ಊರು ಕಟ್ಟಿಕೊಂಡು, ಬಗೆಬಗೆಯ ನೆರೆಹೊರೆಯವರನ್ನು ಬರಮಾಡಿಕೊಳ್ಳುತ್ತವೆ. ಒಂದು ಮಿಲಿಗ್ರಾಂ ಪಾಚಿಯಲ್ಲಿ ಹತ್ತು ಕೋಟಿಗೂ ಮಿಕ್ಕ ಜೀವಿಗಳಿರುತ್ತವೆ. ಈ ಪಾಚಿಗೆ ಜೊಲ್ಲಿನೊಳಗಣ ಸುಣ್ಣದ ಅಂಶ ಸೇರಿ ಅದು ಗಾರೆಯಂತೆ ಗಟ್ಟಿಯಾದರೆ ಟಾರ್ಟರ್ ಎನಿಸಿಕೊಳ್ಳುತ್ತದೆ. ಪಾಚಿಯನ್ನು ನಾವೇ ತೆಗೆಯಬಹುದು. ಗಾರೆಗೆ ವೈದ್ಯನೇ ಬೇಕು.

ಈ ಪಾಚಿಯ ಜೀವಲೋಕವನ್ನು ಮೊದಲು ಕಂಡವನು ವೈದ್ಯನಲ್ಲ, ಒಬ್ಬ ಜವಳಿ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೇವನ್‌ಹುಕ್ ತನ್ನ ಹಲ್ಲನ್ನು ಉಪ್ಪಿನಿಂದ ತಿಕ್ಕಿ ತೊಳೆಯುತ್ತಿದ್ದನು. ಆದರೂ ಹಲ್ಲುಗಳ ಸಂದಿನಲ್ಲಿ ಬಿಳಿಯ ಹಿಟ್ಟಿನಂತಹ ಪದಾರ್ಥವೊಂದು ಉಳಿದಿರುವುದನ್ನು ಕಂಡು, ಅದನ್ನು ನೀರಿನಲ್ಲಿ ಕಲಸಿ, ತಾನೇ ಉಜ್ಜಿ ಮಾಡಿದ ಮಸೂರದ ಕೆಳಗಿಟ್ಟು ನೋಡಿದನು. ಚುರುಕಾಗಿ ಓಡಾಡುವ ಪುಟ್ಟ ಜೀವಿಗಳು ಅಲ್ಲಿ ಕಂಡವು. 1683ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಆತ ಅವುಗಳ ವರ್ಣನೆಯನ್ನು ಕಳುಹಿಸಿದನು. ಮುಂದೆ ಆತ ಗಮನಿಸಿದ ಇನ್ನೊಂದು ಸಂಗತಿ ನಮ್ಮ ಇಂದಿನ ವಿಷಯಕ್ಕೆ ತೀರ ಹತ್ತಿರವಾದುದು. ವಿನಿಗರಿನಿಂದ ಬಾಯಿ ಮುಕ್ಕಳಿಸಿದರೆ ಪಾಚಿಯ ಹೊರಮೈಯ ಜೀವಿಗಳು ಮಾತ್ರ ಸಾಯುತ್ತವೆ. ಒಳಗಿರುವವು ಬದುಕಿಯೇ ಇರುತ್ತವೆ. ಔಷಧದ ನೀರನ್ನು ಎಷ್ಟು ಮುಕ್ಕಳಿಸಿದರೂ ಉಜ್ಜುವ ಕೆಲಸ ತಪ್ಪುವುದಿಲ್ಲವೇಕೆ ಎಂಬ ಪ್ರಶ್ನೆಗೆ ಮುನ್ನೂರು ವರ್ಷಗಳ ಹಿಂದೆಯೇ ದೊರೆತ ಉತ್ತರವಿದು.

ಆದರೂ ಈ ಪಾಚಿಯೇ ವಸಡಿನ ರೋಗಕ್ಕೆ ಮೂಲವೆಂಬುದು ಪ್ರಯೋಗದಿಂದ ಸಿದ್ಧವಾಗಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು. 1965ರಲ್ಲಿ ಡೆನ್ಮಾರ್ಕಿನ ಆರ್ಹೂಸಿನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಆರೋಗ್ಯವಂತರಾದ ಹನ್ನೆರಡು ಜನರನ್ನು ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಒಪ್ಪಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಜನರ ವಸಡೂ ಕೆಂಪಗೆ ಊದಿಕೊಂಡಿತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಔಷಧವಿಲ್ಲ, ಶಸ್ತ್ರವಿಲ್ಲ; ಪಾಚಿ ಬಂದಾಗ ರೋಗ ಬಂದಿತು, ಪಾಚಿ ಹೋದಾಗ ರೋಗವೂ ಹೋಯಿತು.

ನಮ್ಮ ಮನೆಗಳಲ್ಲಿ “ವಯಸ್ಸಾಯಿತು, ಹಲ್ಲು ಬಿತ್ತು” ಎಂಬ ಮಾತನ್ನು ಸೂರ್ಯಾಸ್ತದಷ್ಟೇ ಸಹಜವಾದ ಸಂಗತಿಯೆಂಬಂತೆ ಆಡುತ್ತೇವೆ. ಐವತ್ತು ದಾಟುವ ಮೊದಲೇ ಬೊಚ್ಚುಬಾಯಿಯಾಗಿ, ಕೋಡುಬಳೆಯನ್ನು ಒರಳಿಗೆ ಹಾಕಿ ಕುಟ್ಟಿಸಿಕೊಂಡು ತಿನ್ನುತ್ತಿದ್ದ ಹೆಂಗಸರನ್ನು ನಾನು ನನ್ನ ಬಂಧುಗಳಲ್ಲಿಯೇ ಕಂಡಿದ್ದೇನೆ. ಅವರಲ್ಲಿ ಯಾರೂ ಅದನ್ನು ಕಾಯಿಲೆಯೆಂದು ಭಾವಿಸಿರಲಿಲ್ಲ. ವಯಸ್ಸೊಂದೇ ಹಲ್ಲನ್ನು ಬೀಳಿಸುವುದಿಲ್ಲ. ಹುಳುಕು, ಮತ್ತು ಹಲ್ಲಿನ ಬುಡದ ಮೂಳೆಯನ್ನು ಸವೆಸುವ ವಸಡಿನ ರೋಗ, ಇವೆರಡೇ ಬಹುಮಟ್ಟಿಗೆ ಬೀಳಿಸುವುವು. ಎರಡರ ಹಿಂದೆಯೂ ಇರುವುದು ಈ ಪಾಚಿಯೇ. ಸಿಹಿಮೂತ್ರ ರೋಗವುಳ್ಳವರಲ್ಲಿ ವಸಡಿನ ರೋಗ ಹೆಚ್ಚು ಉಗ್ರವಾಗುತ್ತದೆ. ವಸಡಿನ ರೋಗ ಬಲಿತರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುತ್ತದೆ. ಭಾಷೆಯ ಅಧ್ಯಾಪಕನಾದ ನನಗೆ ಇನ್ನೊಂದು ನಷ್ಟವೂ ಕಾಣುತ್ತದೆ. ತ, ಥ, ದ, ಧ, ನ ಎಂಬ ಅಕ್ಷರಗಳಿಗೆ ನಮ್ಮ ವೈಯಾಕರಣರು ದಂತ್ಯಗಳೆಂದು ಹೆಸರಿಟ್ಟರು. ನಾಲಗೆ ಹೋಗಿ ಮುಟ್ಟಲು ಅಲ್ಲಿ ಹಲ್ಲೇ ಇಲ್ಲದಿದ್ದರೆ ಒಂದು ವರ್ಗದ ಅಕ್ಷರಗಳಿಗೆ ನೆಲೆಯೇ ತಪ್ಪಿದಂತಾಗುತ್ತದೆ. ಪಾಠ ಹೇಳಿ ಬದುಕಿದವನಿಗೆ ಇದು ಸಣ್ಣ ವಿಷಯವಲ್ಲ.

ಹಲ್ಲಿನ ಮಲವನ್ನು ತೆಗೆಯುವ ಚಿಂತೆ ನಮ್ಮಲ್ಲಿ ಹಳೆಯದು. ಸುಶ್ರುತಸಂಹಿತೆಯಲ್ಲಿ ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನ ದಪ್ಪದ, ಗಂಟಿಲ್ಲದ ಹಸಿ ಕಡ್ಡಿಯಿಂದ ಹಲ್ಲುಜ್ಜುವ ವಿಧಿಯಿದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮಲಕ್ಕೆ ಅಲ್ಲಿ ‘ದಂತಶರ್ಕರಾ’ ಎಂಬ ಸೊಗಸಾದ ಹೆಸರಿದೆ; ಅದನ್ನು ಕೀಳಲು ದಂತಶಂಕುವೆಂಬ ಉಪಕರಣವೂ ಇದೆ. ಅದನ್ನು ತೆಗೆಯುವಾಗ ಹಲ್ಲಿನ ಬುಡಕ್ಕೆ ಹಿಂಸೆಯಾಗಬಾರದೆಂದು ಗ್ರಂಥಕಾರನು ವೈದ್ಯನಿಗೆ ಎಚ್ಚರಿಕೆ ಕೊಡುತ್ತಾನೆ. ಈ ಒಂದು ಎಚ್ಚರಿಕೆಯಲ್ಲಿ ದಂತಶುದ್ಧಿಯ ಸಮಸ್ತ ಸಮಸ್ಯೆಯೂ ಅಡಗಿದೆಯೆನ್ನಬಹುದು. ಬೇವಿನ ಕಡ್ಡಿಯಾಗಲಿ, ಇದ್ದಿಲಿನ ಪುಡಿಯಾಗಲಿ, ಬ್ರಷ್ಷಾಗಲಿ, ಯಂತ್ರವಾಗಲಿ, ಯಾವುದನ್ನು ಪರೀಕ್ಷಿಸುವಾಗಲೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಪಾಚಿಯನ್ನು ಇದು ಎಷ್ಟು ತೆಗೆಯುತ್ತದೆ? ಪಾಚಿಯ ಜೊತೆಗೆ ಮತ್ತೇನನ್ನು ತೆಗೆಯುತ್ತದೆ?

ಈಗ ನಮ್ಮ ನಗರಗಳ ದಂತಚಿಕಿತ್ಸಾಲಯಗಳಲ್ಲಿ ಕಾಣಸಿಗುವ ಏರ್ ಪಾಲಿಷಿಂಗ್ ಎಂಬ ಯಂತ್ರದ ವಿಷಯಕ್ಕೆ ಬರೋಣ. ನಾನು ಅದನ್ನು ಗಾಳಿಯ ಪೊರಕೆ ಎಂದು ಕರೆಯುತ್ತೇನೆ. ಸಂಕುಚಿತವಾದ ಗಾಳಿಯು ನುಣ್ಣನೆಯ ಪುಡಿಯೊಂದನ್ನು ಹೊತ್ತುಕೊಂಡು ಸಣ್ಣ ಕೊಳವೆಯ ಬಾಯಿಂದ ವೇಗವಾಗಿ ಹೊಮ್ಮುತ್ತದೆ. ಅದರ ಸುತ್ತ ನೀರಿನ ಧಾರೆ ಆವರಿಸಿರುತ್ತದೆ. ಕೊಳವೆಯ ತುದಿ ಹಲ್ಲನ್ನು ಮುಟ್ಟುವುದಿಲ್ಲ. ಮೂರು ನಾಲ್ಕು ಮಿಲಿಮೀಟರು ದೂರದಲ್ಲಿ, ಒಂದೆಡೆ ನಿಲ್ಲದೆ, ಸುತ್ತುತ್ತ ಸಾಗುತ್ತದೆ. ಪುಡಿಯ ಕಣಗಳು ಹಲ್ಲಿನ ಮೈಗೆ ಬಡಿದು ಪಾಚಿಯನ್ನು ಕಿತ್ತೆಸೆಯುತ್ತವೆ. ನೀರು ಅದನ್ನು ತೊಳೆದೊಯ್ಯುತ್ತದೆ.

ಇದರ ಪೂರ್ವಜನನ್ನು ಅಮೆರಿಕದ ಟೆಕ್ಸಾಸಿನ ದಂತವೈದ್ಯ ರಾಬರ್ಟ್ ಬ್ಲ್ಯಾಕ್ ರೂಪಿಸಿದನು. 1945ರಲ್ಲಿ ಆತ ಪ್ರಕಟಿಸಿದ ವಿಧಾನದಲ್ಲಿ ಬಳಸುತ್ತಿದ್ದುದು ಅಲ್ಯುಮಿನಿಯಂ ಆಕ್ಸೈಡಿನ ಪುಡಿ. ಬೈರಿಗೆಯಿಲ್ಲದೆ ಹುಳುಕು ಹಲ್ಲನ್ನು ಕೊರೆಯುವುದು ಅದರ ಮುಖ್ಯ ಉದ್ದೇಶವಾಗಿತ್ತು. 1957ರ ಹೊತ್ತಿಗೆ ಗಾಳಿಯಿಂದಲೇ ತಿರುಗುವ ಅತಿವೇಗದ ಬೈರಿಗೆ ಬಂದುದರಿಂದ ಅದು ಮೂಲೆ ಸೇರಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪ್ರೊಫಿ-ಜೆಟ್ ಎಂಬ ಯಂತ್ರ ಬಂದಾಗ ತತ್ತ್ವ ಅದೇ ಆಗಿದ್ದರೂ ಪುಡಿ ಬದಲಾಗಿತ್ತು. ಕೊರೆಯುವ ಪುಡಿಯ ಜಾಗದಲ್ಲಿ ಗುಡಿಸುವ ಪುಡಿ ಬಂದಿತ್ತು. ಅದು ನಮ್ಮ ಬೋಂಡದ ಹಿಟ್ಟಿಗೆ ಚಿಟಿಕೆ ಹಾಕುವ ಅಡಿಗೆ ಸೋಡವೇ.

ಹಾಗಾದರೆ ಅದು ಪಾಚಿಯನ್ನು ಎಷ್ಟು ತೆಗೆಯುತ್ತದೆ? ಇದನ್ನು ಕಣ್ಣಂದಾಜಿನಿಂದ ಹೇಳಲಾಗದು. ಏಕೆಂದರೆ ಪಾಚಿಯ ಬಣ್ಣ ಹೆಚ್ಚುಕಡಿಮೆ ಹಲ್ಲಿನ ಬಣ್ಣವೇ. ಆದುದರಿಂದ ಮೊದಲು ಬಣ್ಣದ ದ್ರವವೊಂದನ್ನು ಹಲ್ಲಿಗೆ ಹಚ್ಚುತ್ತಾರೆ. ಶುಚಿಯಾದ ಹಲ್ಲು ಬಣ್ಣವನ್ನು ಹಿಡಿಯುವುದಿಲ್ಲ, ಪಾಚಿ ಹಿಡಿಯುತ್ತದೆ. ಬಳಿಕ ಲೆಕ್ಕ. 1962ರ ಕ್ವಿಗ್ಲಿ ಮತ್ತು ಹೈನರ ಪದ್ಧತಿಯಲ್ಲಿ ಬಣ್ಣ ಹಬ್ಬಿದ ಪ್ರಮಾಣಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. 1972ರ ಓಲಿಯರಿ ಪದ್ಧತಿ ಇನ್ನೂ ಸರಳ: ಒಂದೊಂದು ಹಲ್ಲಿಗೆ ನಾಲ್ಕು ಮುಖವೆಂದು ಎಣಿಸಿ, ಬಣ್ಣ ಹಿಡಿದ ಮುಖಗಳು ನೂರಕ್ಕೆ ಎಷ್ಟೆಂದು ಹೇಳುತ್ತಾರೆ. ಇಪ್ಪತ್ತೆಂಟು ಹಲ್ಲಿದ್ದವರಿಗೆ ನೂರಹನ್ನೆರಡು ಮುಖ. ಅದರಲ್ಲಿ ಇಪ್ಪತ್ತೆಂಟು ಮುಖ ಕೆಂಪಾದರೆ ನೂರಕ್ಕೆ ಇಪ್ಪತ್ತೈದು. ಉತ್ತರಪತ್ರಿಕೆಗಳನ್ನು ತಿದ್ದಿ ಬೇಸತ್ತ ನಾನು ಈ ಪರೀಕ್ಷೆಗೆ ಬಾಯಿ ತೆರೆದು ಕುಳಿತಾಗ ವೈದ್ಯರು ಕೈಗನ್ನಡಿಯನ್ನು ಮುಂದೆ ಹಿಡಿದರು. ದಿನಕ್ಕೆ ಎರಡು ಬಾರಿ ಉಜ್ಜುವ ಹಲ್ಲುಗಳೇ. ಆದರೂ ಕೆಳದವಡೆಯ ಒಳಮಗ್ಗುಲಲ್ಲಿ, ಕೊನೆಯ ಹಲ್ಲುಗಳ ಹಿಂಬದಿಯಲ್ಲಿ, ಸಂದುಸಂದುಗಳಲ್ಲಿ ಬಣ್ಣ ಗಟ್ಟಿಯಾಗಿ ನಿಂತಿತ್ತು. ಬ್ರಷ್ಷು ಎಲ್ಲಿಗೆ ಹೋಗುವುದಿಲ್ಲವೆಂಬುದರ ಭೂಪಟ ಅದು.

ಇಂತಹ ಅಳತೆಗಳಿಂದ ಸಂಶೋಧಕರು ಕಂಡುಕೊಂಡುದನ್ನು ಹೀಗೆ ಸಂಗ್ರಹಿಸಬಹುದು. ನುಣುಪಾದ ಬಯಲು ಜಾಗದಲ್ಲಿ, ಅಂದರೆ ಹಲ್ಲಿನ ಮುಂಬದಿ ಹಿಂಬದಿಗಳಲ್ಲಿ, ಗಾಳಿಯ ಪೊರಕೆಯೂ ಹಳೆಯ ಕ್ರಮದ ತಿರುಗುವ ರಬ್ಬರಿನ ಬಟ್ಟಲೂ ಪಾಚಿಯನ್ನು ಹೆಚ್ಚುಕಡಿಮೆ ಸಮನಾಗಿಯೇ ತೆಗೆಯುತ್ತವೆ; ಗಾಳಿಗೆ ಹಿಡಿಯುವ ಹೊತ್ತು ಕಡಿಮೆ, ಅಷ್ಟೆ. ಆದರೆ ದವಡೆಹಲ್ಲಿನ ಮೇಲ್ಮೈಯ ಗೆರೆ-ಕುಳಿಗಳಲ್ಲಿ, ವಕ್ರದಂತವನ್ನು ತಿದ್ದಲು ತಂತಿ ಕಟ್ಟಿಸಿಕೊಂಡ ಮಕ್ಕಳ ಹಲ್ಲಿನ ಮೇಲಣ ಲೋಹದ ತುಣುಕುಗಳ ಸುತ್ತಮುತ್ತ, ರಬ್ಬರು ಮುಟ್ಟಲಾರದಲ್ಲಿ ಗಾಳಿ ಮುಟ್ಟುತ್ತದೆ. ಅಲ್ಲಿ ಅದರ ಮೇಲುಗೈ ನಿಸ್ಸಂದೇಹ. ಗಟ್ಟಿಯಾದ ಗಾರೆಯ ಮುಂದೆ ಮಾತ್ರ ಅದು ಸೋಲುತ್ತದೆ. ಅದಕ್ಕೆ ಶ್ರವಣಾತೀತ ಕಂಪನದ ಉಪಕರಣವೋ ಕೈಯ ಕೊಕ್ಕೆಯೋ ಬೇಕೇ ಬೇಕು. ಆದುದರಿಂದಲೇ ಈಚಿನ ವೈದ್ಯರಲ್ಲಿ ಹಲವರು ಮೊದಲು ಬಣ್ಣ ಹಚ್ಚಿ, ಅನಂತರ ಗಾಳಿಯಿಂದ ಪಾಚಿಯನ್ನು ಗುಡಿಸಿ, ಆಮೇಲೆ ಗಾರೆ ಉಳಿದಿರುವ ಕಡೆಯಷ್ಟೇ ಕೊಕ್ಕೆಯಾಡಿಸುವ ಕ್ರಮವನ್ನು ಹಿಡಿದಿದ್ದಾರೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಯಂತ್ರದ ಜನಪ್ರಿಯತೆಗೆ ಕಾರಣ ಪಾಚಿಯಲ್ಲ, ಕಲೆ. ಕಾಫಿ, ಚಹಾ, ಎಲೆ-ಅಡಿಕೆ, ಹೊಗೆಸೊಪ್ಪಿನ ಕಲೆಗಳನ್ನು ಅದು ಬಹು ಚೆನ್ನಾಗಿ ತೆಗೆಯುತ್ತದೆ. ಕಲೆ ಹೋದ ಕೂಡಲೆ ಜನ ಕನ್ನಡಿ ನೋಡಿ ಹಿಗ್ಗುತ್ತಾರೆ. ಆದರೆ ಕಲೆಯು ಕಣ್ಣಿಗೆ ಕಾಣುವ, ಹಲ್ಲಿಗೆ ಅಷ್ಟೇನೂ ಕೇಡು ಮಾಡದ ವಸ್ತು. ಪಾಚಿಯು ಕಣ್ಣಿಗೆ ಕಾಣದ, ಕೇಡು ಮಾಡುವ ವಸ್ತು. ಬೆಳ್ಳಗಿರುವ ಹಲ್ಲಿನ ಬುಡದಲ್ಲಿ ರೋಗವಿರಬಹುದು. ಹಳದಿಯ ಹಲ್ಲು ಸಂಪೂರ್ಣ ಶುಚಿಯಾಗಿರಬಹುದು. ಬಿಳುಪೇ ಶುಚಿಯೆಂಬ ಅಭಿಪ್ರಾಯ ಜಾಹೀರಾತುಗಳಿಗೆ ಅನುಕೂಲವಾದದ್ದೇ ಹೊರತು ವಸಡಿಗಲ್ಲ.

ಇನ್ನು ಎರಡನೆಯ ಪ್ರಶ್ನೆ, ಸುಶ್ರುತನ ಪ್ರಶ್ನೆ. ವಸ್ತುಗಳ ಕಾಠಿಣ್ಯವನ್ನು ಮೋಸ್ ಎಂಬ ವಿಜ್ಞಾನಿಯ ಮಾನದಲ್ಲಿ ಅಳೆಯುತ್ತಾರೆ. ಅದರಲ್ಲಿ ವಜ್ರಕ್ಕೆ ಹತ್ತು. ಹಲ್ಲಿನ ಹೊರಗವಚವಾದ ಎನಾಮಲಿಗೆ ಸುಮಾರು ಐದು. ಅಡಿಗೆ ಸೋಡಕ್ಕೆ ಸುಮಾರು ಎರಡೂವರೆ. ಆದುದರಿಂದ ಎನಾಮಲ್ ಈ ಪುಡಿಗೆ ಅಂಜಬೇಕಾಗಿಲ್ಲ. ಆದರೆ ಹಲ್ಲಿನ ಬೇರನ್ನು ಹೊದೆದಿರುವ ಸಿಮೆಂಟಮ್ ಎಂಬ ಪದರದ ಕಾಠಿಣ್ಯವೂ ಎರಡೂವರೆಯಿಂದ ಮೂರರಷ್ಟೇ. ಸೋಡದ ಕಣಗಳು ಗಾತ್ರದಲ್ಲಿ ದೊಡ್ಡವು, ಮೂಲೆಗಳುಳ್ಳವು, ವೇಗವಾಗಿ ಬಂದು ಬಡಿಯುವಂಥವು. ಪ್ರಯೋಗಶಾಲೆಯಲ್ಲಿ ಬೇರಿನ ಒಂದೇ ಜಾಗಕ್ಕೆ ಹತ್ತಾರು ಸೆಕೆಂಡು ಹಿಡಿದರೆ ನೂರಾರು ಮೈಕ್ರಾನು ಆಳದ ಗುಳಿ ಬೀಳುತ್ತದೆ. ಹರೆಯದವರಲ್ಲಿ ಬೇರು ವಸಡಿನೊಳಗೆ ಅಡಗಿರುತ್ತದೆ. ನನ್ನಂತೆ ಅರವತ್ತು ದಾಟಿದ ಅನೇಕರಲ್ಲಿ ವಸಡು ಹಿಂದೆ ಸರಿದು ಬೇರು ಬಯಲಿಗೆ ಬಂದಿರುತ್ತದೆ. ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅದರ ಕುರುಹು. ಯಾರಿಗೆ ಶುದ್ಧಿಯ ಅಗತ್ಯ ಹೆಚ್ಚೋ ಅವರಿಗೇ ಅಪಾಯವೂ ಹೆಚ್ಚೆಂಬುದು ಈ ಯಂತ್ರದ ಮೊದಲ ಎರಡು ದಶಕಗಳ ದೊಡ್ಡ ತೊಡಕಾಗಿತ್ತು.

ಈ ತೊಡಕನ್ನು ಬಿಡಿಸಿದುದು ಯಂತ್ರದ ಬದಲಾವಣೆಗಿಂತ ಹೆಚ್ಚಾಗಿ ಪುಡಿಯ ಬದಲಾವಣೆ. 2003ರಲ್ಲಿ ಜರ್ಮನಿಯ ಪೀಟರ್‌ಸಿಲ್ಕ ಮತ್ತು ಸಂಗಡಿಗರು ಗ್ಲೈಸೀನ್ ಎಂಬ ಅಮೈನೋ ಆಮ್ಲದ ನುಣ್ಣನೆಯ ಪುಡಿಯ ಫಲಿತಾಂಶಗಳನ್ನು ಪ್ರಕಟಿಸಿದರು. ಅದು ಸೋಡಕ್ಕಿಂತ ಮೃದು, ಕಣಗಳು ಸುಮಾರು ಇಪ್ಪತ್ತೈದು ಮೈಕ್ರಾನಿನಷ್ಟು ಸಣ್ಣವು, ನೀರಿನಲ್ಲಿ ಕರಗುವಂಥವು. ವಸಡಿಗೂ ಹಲ್ಲಿಗೂ ನಡುವೆ ಮೂರರಿಂದ ಐದು ಮಿಲಿಮೀಟರು ಆಳದ ಸಂದುಗಳಲ್ಲಿ ಈ ಪುಡಿಯು ಕೈಯ ಕೊಕ್ಕೆಗಿಂತ ಹೆಚ್ಚು ಬ್ಯಾಕ್ಟೀರಿಯಗಳನ್ನು ತೆಗೆದುಹಾಕಿತು. ಬೇರಿಗೆ ಮಾಡಿದ ಗಾಯವೂ ಅತ್ಯಲ್ಪ. ಮುಂದೆ 2010ರ ದಶಕದಲ್ಲಿ ಎರಿಥ್ರಿಟಾಲ್ ಎಂಬ, ಸಕ್ಕರೆಗೆ ಬದಲಾಗಿ ಬಳಸುವ ಪದಾರ್ಥದ ಇನ್ನೂ ಸಣ್ಣ ಕಣಗಳ ಪುಡಿ ಬಂದಿತು. ವಸಡಿನ ರೋಗ ವಾಸಿಯಾದ ಮೇಲೆ ಆಗಾಗ ಶುದ್ಧಿಮಾಡಿಸಿಕೊಳ್ಳುವವರಲ್ಲಿ ಈ ಮೃದುಪುಡಿಗಳ ಫಲ ಕೊಕ್ಕೆಯ ಫಲಕ್ಕೆ ಸರಿಸಮಾನ. ನೋವು ಮಾತ್ರ ಕಡಿಮೆ, ಹೊತ್ತೂ ಕಡಿಮೆ. ಆದುದರಿಂದ ಚಿಕಿತ್ಸೆಗೆ ಕುಳಿತಾಗ “ಡಾಕ್ಟರೇ, ಯಾವ ಪುಡಿ ಹಾಕುತ್ತೀರಿ? ನನ್ನ ಹಲ್ಲಿನ ಬೇರು ತೆರೆದಿದೆಯೆ?” ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ನಾನು ಹೀಗೆ ಕೇಳಿದಾಗ ವೈದ್ಯರು ನಕ್ಕು, ಸೋಡದ ಬದಲು ಗ್ಲೈಸೀನನ್ನು ತುಂಬಿಸಿಕೊಂಡರು. ಚಳಿಗಾಲದ ಮಂಜಿಗೆ ಬಾಯೊಡ್ಡಿದಂತೆ ತಣ್ಣಗಾಯಿತು, ಗ್ಲೈಸೀನಿನ ನಸುಸಿಹಿ ನಾಲಗೆಗೆ ತಾಗಿತು, ನೋವೆನ್ನುವಂಥದು ಇರಲಿಲ್ಲ.

ಕೆಲವು ಎಚ್ಚರಿಕೆಗಳೂ ಉಂಟು. ಉಪ್ಪನ್ನು ಮಿತಿಗೊಳಿಸಬೇಕೆಂಬ ವೈದ್ಯಾಜ್ಞೆಯುಳ್ಳವರಿಗೆ ಸೋಡದ ಪುಡಿ ತಕ್ಕದ್ದಲ್ಲ. ಅದು ಸೋಡಿಯಮಿನ ಲವಣ. ಉಬ್ಬಸ ಮೊದಲಾದ ಶ್ವಾಸರೋಗವುಳ್ಳವರು ಯಾವ ಪುಡಿಯ ವಿಷಯದಲ್ಲಿಯೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಬಲು ಅಪರೂಪವಾಗಿ, ಕೊಳವೆಯನ್ನು ಮೃದುಭಾಗಕ್ಕೆ ನೇರವಾಗಿ ಹಿಡಿದರೆ ಗಾಳಿ ಚರ್ಮದಡಿ ಸೇರಿ ಮುಖ ಊದಿಕೊಂಡದ್ದುಂಟು. ಪುಡಿ, ನೀರು, ಜೊಲ್ಲುಗಳ ತುಂತುರು ಕೋಣೆಯಲ್ಲೆಲ್ಲ ಹರಡುವುದರಿಂದ 2020ರಲ್ಲಿ ಕೋವಿಡ್ ಹಬ್ಬಿದಾಗ ಇಂತಹ ಯಂತ್ರಗಳನ್ನು ಆದಷ್ಟೂ ಬಳಸಬಾರದೆಂಬ ಸಲಹೆಗಳು ಹೊರಟವು. ಬಲವಾಗಿ ಹೀರುವ ನಳಿಕೆ, ಮೊದಲೇ ಬಾಯಿ ಮುಕ್ಕಳಿಸುವಿಕೆ, ಕಣ್ಣಿಗೆ ಕನ್ನಡಕ, ಇವು ಅವಶ್ಯವಾದ ಕ್ರಮಗಳು.

ಇಷ್ಟೆಲ್ಲ ಆದ ಮೇಲೆ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ಯಂತ್ರವು ಪಾಚಿಯನ್ನು ಸಂಪೂರ್ಣವಾಗಿ ತೆಗೆದಿತೆಂದೇ ಇಟ್ಟುಕೊಳ್ಳೋಣ. ಚಿಕಿತ್ಸಾಲಯದ ಮೆಟ್ಟಿಲಿಳಿಯುವಷ್ಟರಲ್ಲಿ ಜೊಲ್ಲಿನ ಪೊರೆ ಮತ್ತೆ ಹರಡತೊಡಗಿರುತ್ತದೆ. ಅಂದು ರಾತ್ರಿಯೊಳಗೆ ಮೊದಲ ಬ್ಯಾಕ್ಟೀರಿಯಗಳು ಬಂದು ನೆಲಸಿರುತ್ತವೆ. ಆರು ತಿಂಗಳಿಗೊಮ್ಮೆ ಕಲ್ಯಾಣಿಯ ಮೆಟ್ಟಿಲನ್ನು ಯಂತ್ರದಿಂದ ತೊಳೆಸಿ, ಉಳಿದ ನೂರೆಂಬತ್ತು ದಿನ ಸುಮ್ಮನಿದ್ದರೆ ಕಾಲು ಜಾರದಿರುತ್ತದೆಯೆ? ಕೊಕ್ರೇನ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ಇಲ್ಲಿ ಮನನೀಯವಾಗಿದೆ. ಬ್ರಿಟನ್ನಿನಲ್ಲಿ ತಪ್ಪದೆ ದಂತವೈದ್ಯರ ಬಳಿ ಹೋಗುವ, ವಸಡಿನ ತೀವ್ರ ರೋಗವಿಲ್ಲದ 1711 ವಯಸ್ಕರ ಮೇಲಣ ಎರಡು ಅಧ್ಯಯನಗಳನ್ನು ಅದು ಪರಿಶೀಲಿಸಿತು. ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ವಾಡಿಕೆಯಾಗಿ ಹಲ್ಲು ಶುದ್ಧಿಮಾಡಿಸಿಕೊಂಡವರಿಗೂ ಹಾಗೆ ನಿಗದಿಯಾಗಿ ಮಾಡಿಸಿಕೊಳ್ಳದವರಿಗೂ ಎರಡು ಮೂರು ವರ್ಷಗಳ ಬಳಿಕ ವಸಡಿನ ಉರಿಯೂತದಲ್ಲಾಗಲಿ ಪಾಚಿಯ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ವಸಡಿನ ರೋಗ ಬಲಿತವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ವೈದ್ಯರ ಕೈಯ ಶುದ್ಧಿ ಅತ್ಯವಶ್ಯ. ಅದನ್ನು ಮುಂದೂಡುವುದೆಂದರೆ ಹಲ್ಲನ್ನೇ ಬಿಟ್ಟುಕೊಟ್ಟಂತೆ.

ಉಳಿದವರಿಗೆ, ವಿಶೇಷವಾಗಿ ಯಂತ್ರದ ವೆಚ್ಚ ಭರಿಸಲಾರದವರಿಗೆ, ಇದರಲ್ಲಿ ಸಮಾಧಾನವೂ ಇದೆ, ಹೊಣೆಯೂ ಇದೆ. ದಿನಕ್ಕೆರಡು ಸಲ ಮೃದುವಾದ ಬ್ರಷ್ಷು, ಫ್ಲೋರೈಡುಳ್ಳ ಪೇಸ್ಟು, ವಸಡಿನ ಅಂಚನ್ನೂ ಒಳಮಗ್ಗುಲನ್ನೂ ಮರೆಯದ ನಿಧಾನವಾದ ಎರಡು ನಿಮಿಷ, ಹಲ್ಲಿನ ಸಂದುಗಳಿಗೆ ನೂಲು ಅಥವಾ ಸಣ್ಣ ಕುಂಚ: ಆರ್ಹೂಸಿನ ಆ ಹನ್ನೆರಡು ಜನರನ್ನು ಮತ್ತೆ ಆರೋಗ್ಯಕ್ಕೆ ತಂದದ್ದು ಇಂತಹ ದಿನನಿತ್ಯದ ಶುದ್ಧಿಯೇ. ವೈದ್ಯರಲ್ಲಿ ಹೋದಾಗ ಪಾಲಿಷ್ ಮಾಡಿಸುವ ಮುನ್ನ ಆ ಬಣ್ಣದ ದ್ರವವನ್ನು ಹಚ್ಚಿ ಕನ್ನಡಿ ತೋರಿಸಿರೆಂದು ಕೇಳಿರಿ. ನಿಮ್ಮ ಬ್ರಷ್ಷು ದಿನವೂ ಎಲ್ಲಿ ತಪ್ಪಿಸಿಕೊಳ್ಳುತ್ತಿದೆಯೆಂಬುದು ಆಗ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಮೊದಲು ಆ ಜಾಗದಿಂದಲೇ ಉಜ್ಜಲು ಪ್ರಾರಂಭಿಸಿರಿ. ನಾನು ಈಗ ಕೆಳದವಡೆಯ ಒಳಮಗ್ಗುಲಿನಿಂದ ಪ್ರಾರಂಭಿಸುತ್ತೇನೆ.